ಮೊಣಕಾಲು ನೋವಿದ್ದರೆ ನಡೆಯಬೇಕೇ, ಬೇಡವೇ?

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಜೊತೆ ಬಂದ ಮನೆಯವರಿಗೂ ಮಾಡಿದ ಭಾಷಣದ ಬರಹರೂಪ)



ಎಕ್ಸ್-ರೇ ಹಿಡಿದುಕೊಂಡು ಡಾಕ್ಟರರ ಕೋಣೆಯಿಂದ ಹೊರಗೆ ಬಂದವರಲ್ಲಿ ಹೆಚ್ಚಿನವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. “ಸಿಸ್ಟರ್, ಎಲುಬು ಸವದಾವ ಅಂದಾರ. ಇನ್ನ ಅಡ್ಡಾಡಬೇಕೋ, ಬ್ಯಾಡೋ?” ಇವತ್ತು ಈ ಒಂದು ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಅವ್ವನಿಗೆ ಮೊಣಕಾಲು ನೋವು ಶುರುವಾಯಿತು. ಕೀಲು ಸವೆದಿದೆ ಎಂದು ಗೊತ್ತಾಯಿತು. “ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಸುಮ್ಮನೆ ಕೂತಿರು” ಎಂದು ನಾನೇ ಅಪ್ಪಣೆ ಮಾಡಿದೆ. ನೀರು ತರುವುದು, ರೊಟ್ಟಿ ಬಡಿಯುವುದು, ಕಸ ಗುಡಿಸುವುದು ಎಲ್ಲವನ್ನೂ ನಾನೂ ನಮ್ಮ ವೈನಿಯೂ ಹಂಚಿಕೊಂಡೆವು. ಅವ್ವ ಮಂಚ ಹಿಡಿದಳು. ಮೂರು ತಿಂಗಳಲ್ಲಿ ಅವಳ ತೊಡೆ ಸೊರಗಿತು. ಕೈ ಊರದೆ ಕುರ್ಚಿಯಿಂದ ಏಳಲು ಆಗದಂತಾಯಿತು. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಕುಸಿದು ಬಿದ್ದಳು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ನೋವು ಮೊದಲಿನಷ್ಟೇ ಇತ್ತು, ಶಕ್ತಿ ಮಾತ್ರ ಹೋಗಿತ್ತು. ಪ್ರೀತಿಯಿಂದ ಮಾಡಿದ್ದೇ ಕೇಡಾಯಿತು.

ಯಾಕೆ ಹೀಗಾಯಿತು? ಮೊಣಕಾಲಿನ ಕೀಲಿನಲ್ಲಿ ಎಲುಬುಗಳ ತುದಿಗೆ ಮೆತ್ತನೆಯ, ನುಣುಪಾದ ಪದರ ಇರುತ್ತದೆ. ಇದಕ್ಕೆ ಮೃದ್ವಸ್ಥಿ ಎನ್ನುತ್ತಾರೆ. ಈ ಪದರದಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ಎಣ್ಣೆಯಂಥ ದ್ರವದಿಂದ. ನಾವು ಹೆಜ್ಜೆ ಇಟ್ಟಾಗ ಪದರ ಅಮುಕುತ್ತದೆ, ಎತ್ತಿದಾಗ ಸಡಿಲಾಗಿ ದ್ರವವನ್ನು ಹೀರುತ್ತದೆ. ಒದ್ದೆ ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ. ಚಲನೆ ನಿಂತರೆ ಈ ಪೋಷಣೆಯೂ ಕುಗ್ಗುತ್ತದೆ. ಇದರ ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಮೊಣಕಾಲಿಗೆ ಬೀಳುವ ಪೆಟ್ಟನ್ನು ತಾನು ತಾಳಿಕೊಳ್ಳುತ್ತದೆ. ಅದು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆಯೇ.

ಇದು ಬರೀ ಬಾಯಿಮಾತಲ್ಲ. ಅಮೆರಿಕದಲ್ಲಿ 60 ವರ್ಷ ದಾಟಿದ, ಮೊಣಕಾಲು ಸವೆದ 439 ಜನರನ್ನು ಮೂರು ಗುಂಪು ಮಾಡಿ 18 ತಿಂಗಳು ನೋಡಿದರು. ಒಂದು ಗುಂಪು ನಡೆಯಿತು, ಇನ್ನೊಂದು ಭಾರ ಎತ್ತುವ ವ್ಯಾಯಾಮ ಮಾಡಿತು, ಮೂರನೆಯದಕ್ಕೆ ಬರೀ ತಿಳಿವಳಿಕೆ ಕೊಟ್ಟರು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ನಡೆದವರಿಗೂ ವ್ಯಾಯಾಮ ಮಾಡಿದವರಿಗೂ ನೋವು ಕಡಿಮೆಯಾಗಿ, ದಿನದ ಕೆಲಸ ಸುಲಭವಾಗಿತ್ತು. ಲಾಭ ಬಹಳ ದೊಡ್ಡದೇನೂ ಅಲ್ಲ. ಆದರೆ ಅವರ ಎಕ್ಸ್-ರೇ ಉಳಿದವರಿಗಿಂತ ಕೆಟ್ಟಿರಲಿಲ್ಲ. ನಡೆದರೆ ಕೀಲು ಇನ್ನಷ್ಟು ಸವೆಯುತ್ತದೆ ಎಂಬ ಭಯಕ್ಕೆ ಇದೇ ಉತ್ತರ.

ತೂಕದ ಮಾತು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ನಡೆದ ಅಧ್ಯಯನದ ವರದಿ 1992ರಲ್ಲಿ ಬಂದಿತು. ಹತ್ತು ವರ್ಷದಲ್ಲಿ ಸುಮಾರು 5 ಕಿಲೋ ಇಳಿಸಿದ ಹೆಂಗಸರಲ್ಲಿ ನೋವಿನ ಮೊಣಕಾಲು ಸವೆತದ ಸಂಭವ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. 2005ರ ಇನ್ನೊಂದು ಅಧ್ಯಯನದ ಪ್ರಕಾರ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ. ಉಪವಾಸ ಬೇಡ. ಎಣ್ಣೆ, ಸಕ್ಕರೆ ಕಡಿಮೆ ಮಾಡಿ, ಕಾಳು ಪಲ್ಯ ಹೆಚ್ಚು ಮಾಡಿ.

ದುಡ್ಡು ಖರ್ಚು ಮಾಡುವ ಮೊದಲು ಎರಡು ವಿಷಯ ತಿಳಿದಿರಲಿ. ಬರೀ ಸವೆತಕ್ಕೆಂದು ದುರ್ಬೀನು ಹಾಕಿ ಕೀಲನ್ನು ತೊಳೆಯುವ ಆಪರೇಷನ್ ಮಾಡುತ್ತಿದ್ದರು. ಅದು ಸುಳ್ಳು ಆಪರೇಷನ್‌ಗಿಂತ ಹೆಚ್ಚೇನೂ ಗುಣ ಕೊಡಲಿಲ್ಲ ಎಂದು 2002ರಲ್ಲಿ 180 ಜನರ ಪರೀಕ್ಷೆ ತೋರಿಸಿತು. ಗ್ಲುಕೋಸಮೈನ್ ಮಾತ್ರೆಯೂ ಹಾಗೆಯೇ. 2006ರಲ್ಲಿ 1583 ಜನರ ಪರೀಕ್ಷೆಯಲ್ಲಿ ಅದು ಒಟ್ಟಾರೆ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ಇನ್ನು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಯನ್ನು ತಿನ್ನಲೇಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ನೋವಿನ ಮಾತ್ರೆಗಳನ್ನೂ ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಕೀಲು ಬದಲಾಯಿಸುವ ಆಪರೇಷನ್ ಬೇರೆ ಮಾತು. ಡೆನ್ಮಾರ್ಕಿನಲ್ಲಿ 100 ಜನರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಆದವರಿಗೆ ಹೆಚ್ಚು ಆರಾಮ ಸಿಕ್ಕಿತು, ತೊಂದರೆಗಳೂ ಅವರಿಗೇ ಹೆಚ್ಚಾದವು. ಆಪರೇಷನ್ ಇಲ್ಲದೆ ವ್ಯಾಯಾಮ, ಪಥ್ಯ, ಔಷಧ ಪಡೆದ 50 ಜನರಲ್ಲಿ ವರ್ಷದೊಳಗೆ ಆಪರೇಷನ್‌ಗೆ ಹೋದವರು 13 ಮಾತ್ರ. ಆದ್ದರಿಂದ ಅವಸರವೂ ಬೇಡ, ಡಾಕ್ಟರರು ಬೇಕೇ ಬೇಕು ಎಂದಾಗ ಹೆದರಿಕೆಯೂ ಬೇಡ.

ಈಗ ಮನೆಯಲ್ಲಿ ಮಾಡುವ ಮೂರು ಕೆಲಸ ಹೇಳುತ್ತೇನೆ.

ಒಂದು: ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿರಿ. ಐದು ಎಣಿಸಿ ಬಿಡಿರಿ. ಹೀಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ.

ಎರಡು: ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು, ನಿಧಾನವಾಗಿ ಕೂಡಿರಿ. ಐದರಿಂದ ಶುರು ಮಾಡಿ ಹತ್ತಕ್ಕೆ ಏರಿಸಿರಿ.

ಮೂರು: ಸಮ ನೆಲದ ಮೇಲೆ ದಿನಾಲೂ ನಡೆಯಿರಿ. ಮೊದಲ ವಾರ ಐದೇ ನಿಮಿಷ ಸಾಕು. ಕೋಲು ಬೇಕಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆಗೂ ನೋವು ಹೆಚ್ಚೇ ಉಳಿದಿದ್ದರೆ ಅರ್ಧಕ್ಕೆ ಇಳಿಸಿರಿ, ಪೂರ್ತಿ ಬಿಡಬೇಡಿ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂಡುವುದನ್ನು ತಪ್ಪಿಸಿರಿ. ಪಾಯಿಖಾನೆಗೆ ಕಮೋಡ್ ಕುರ್ಚಿ ಇಡಬಹುದು. ಪೂಜೆಗೆ, ಊಟಕ್ಕೆ ನೆಲದ ಮೇಲೆ ಕೂಡಲಾಗದವರು ಎತ್ತರದ ಸ್ಟೂಲಿನ ಮೇಲೆ ಕೂಡಲು ಸಂಕೋಚ ಪಡಬೇಡಿ.

ಆದರೆ ಕೆಲವು ಸಲ ವ್ಯಾಯಾಮ ನಿಲ್ಲಿಸಿ ಬೇಗನೆ ಡಾಕ್ಟರರಿಗೆ ತೋರಿಸಬೇಕು. ಕೀಲು ಕೆಂಪಾಗಿ ಬಿಸಿಯಾಗಿ ಬಾತು ಜ್ವರ ಬಂದರೆ, ಅಥವಾ ಬಿದ್ದ ಮೇಲೆ ಕಾಲು ಊರಲು ಆಗದಿದ್ದರೆ, ಆ ದಿನವೇ ಬನ್ನಿ. ಕೈಬೆರಳುಗಳ ಗೆಣ್ಣು ಬಾತು, ಬೆಳಿಗ್ಗೆ ಒಂದು ತಾಸಿಗೂ ಹೆಚ್ಚು ಹೊತ್ತು ಬಿಗಿತ ಇದ್ದರೆ ಅದು ಸವೆತವಾಗಿರಲಿಕ್ಕಿಲ್ಲ, ಸಂಧಿವಾತದ ಬೇರೆ ಬಗೆ ಇರಬಹುದು. ಅದಕ್ಕೆ ಬೇಗ ಔಷಧ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ.

ಕೊನೆಗೆ ಜೊತೆಗೆ ಬಂದ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ಹಿರಿಯರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಭಾರದ ಕೊಡ ನೀವು ಎತ್ತಿರಿ, ಸಣ್ಣ ತಂಬಿಗೆ ಅವರಿಗೆ ಬಿಡಿರಿ. ಓಣಿಯ ತುದಿಯವರೆಗೆ ಜೊತೆಗೆ ನಡೆಯಿರಿ.

ನಮ್ಮ ಅವ್ವ ಮತ್ತೆ ಬಾಗಿಲಿನಿಂದ ಕಟ್ಟೆಯವರೆಗೆ ನಡೆಯಲು ಎರಡು ತಿಂಗಳು ಬೇಕಾಯಿತು. ನೋವು ಇವತ್ತಿಗೂ ಇದೆ. ಆದರೆ ಸಂತೆಗೆ ತಾನೇ ಹೋಗಿ ಬರುತ್ತಾಳೆ, ಬಂದ ಮೇಲೆ ನನಗೇ ತರಕಾರಿಯ ಲೆಕ್ಕ ಒಪ್ಪಿಸುತ್ತಾಳೆ. ನಿಮ್ಮ ಮನೆಯಲ್ಲಿಯೂ ಹಾಗೆಯೇ ಆಗಲಿ.

ವ್ಯಾಯಾಮ ಮಾಡುವ ಬಗೆಯಲ್ಲಿ ಅನುಮಾನವಿದ್ದರೆ, ಮನೆಗೆ ಹೋಗುವ ಮೊದಲು ನನ್ನನ್ನೋ ಫಿಸಿಯೋಥೆರಪಿ ವಿಭಾಗದವರನ್ನೋ ಕೇಳಿ, ಒಮ್ಮೆ ಮಾಡಿ ತೋರಿಸಿ ಹೋಗಿರಿ.