ಬಾಯಲ್ಲೇ ತೊಟ್ಟಿಲು



ಕೂಡ್ಲಿಗಿ, ಕೊಟ್ಟೂರಿನಿಂದ ಹಡಗಲಿ, ಹರಪನಹಳ್ಳಿಯವರೆಗೆ ನಮ್ಮದು ಕೆರೆ ನಂಬಿದ ಸೀಮೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳಿಗೆ ಮೀನೇ ಅನ್ನ.

ಇಂಥ ಕೆರೆಗಳಿಂದ ಸಂತೆಗೆ ಬರುವ ಜಿಲೇಬಿ ಮೀನು ನೋಡಿದ್ದೀರಲ್ಲ? ಅದರ ತವರು ಆಫ್ರಿಕಾ. ಭಾರತಕ್ಕೆ ಬಂದದ್ದು 1952ರಲ್ಲಿ. ಗಂಡು ಮೀನು ಕೆರೆಯ ತಳದಲ್ಲಿ ತಟ್ಟೆಯಂಥ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಎಲ್ಲವನ್ನೂ ಬಾಯೊಳಗೆ ತುಂಬಿಕೊಳ್ಳುತ್ತದೆ. ಮರಿಗಳು ಈಜು ಕಲಿಯುವವರೆಗೆ ತಾಯಿಗೆ ಹೆಚ್ಚುಕಡಿಮೆ ಉಪವಾಸ. ಹೊರಗೆ ಬಿಟ್ಟ ಮೇಲೂ ಅಪಾಯದ ಸುಳಿವು ಸಿಕ್ಕರೆ ಸಾಕು, ಮರಿಗಳೆಲ್ಲ ಓಡಿಬಂದು ಅಮ್ಮನ ಬಾಯಿ ಸೇರುತ್ತವೆ. ಎಂಥ ತಾಯ್ತನ!

ಆದರೆ ಇದೇ ಕಾಳಜಿಯಿಂದ ಅದರ ಸಂತತಿ ಮಿತಿಮೀರಿತು. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು, ವರ್ಷಕ್ಕೆ ಹಲವು ಬಾರಿ ಮರಿ ಮಾಡುವ ಮೀನದು. ನಾಡಮೀನುಗಳ ಮೇವಿಗೂ ಜಾಗಕ್ಕೂ ಕುತ್ತು ಬಂತು. 1959ರಲ್ಲಿ ಅದರ ಸಾಕಣೆಯನ್ನು ನಿಷೇಧಿಸಬೇಕಾಯಿತು.

ತಪ್ಪು ಆ ತಾಯಿಯದಲ್ಲ. ಮುಂದಾಲೋಚನೆಯಿಲ್ಲದೆ ತಂದು ಬಿಟ್ಟ ಮನುಷ್ಯನದು. ಕೆರೆಗೆ ಒಮ್ಮೆ ಬಿಟ್ಟ ಜೀವವನ್ನು ಮರಳಿ ಹಿಡಿಯಲಾಗದು. ಗಾಜಿನ ತೊಟ್ಟಿಯ ಬಣ್ಣದ ಮೀನನ್ನು ಕೆರೆಗೆ ಸುರಿಯುವ ಮುನ್ನ ಒಂದು ಕ್ಷಣ ನಿಲ್ಲೋಣ. ಕೆರೆಯೂ ಒಬ್ಬ ತಾಯಿ. ಅವಳ ಮಡಿಲಲ್ಲಿ ಆಗಲೇ ಮಕ್ಕಳಿದ್ದಾರೆ.