ಚಿನ್ನದ ಸರ, ಕಲ್ಲಿನ ಕವಿ



ಇಂದು ಒಂದು ಚಿತ್ರಪಟವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಹಾಲೆಂಡ್ ದೇಶದ ರೆಂಬ್ರಾಂಟ್ ಎಂಬ ಚಿತ್ರಕಾರನು 1653ರಲ್ಲಿ ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನನ್ನು ಚಿತ್ರಿಸಿದನು. ಆ ಪಟ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅರಿಸ್ಟಾಟಲನಾದರೋ ಕ್ರಿ.ಪೂ. 322ರಲ್ಲಿ ದೇಹವಿಟ್ಟವನು. ಚಿತ್ರಕಾರನು ಅವನನ್ನು ಕಂಡವನಲ್ಲ. ಉಡಿಸಿದ ಉಡುಪೂ ಗ್ರೀಸಿನದಲ್ಲ. ಹಣ ಕೊಟ್ಟು ಪಟವನ್ನು ತರಿಸಿಕೊಂಡ ಸಿಸಿಲಿಯ ಶ್ರೀಮಂತ ರುಫೋ ಎಂಬವನ 1654ರ ಪಟ್ಟಿಯಲ್ಲಿಯೇ, ಇವನು ಅರಿಸ್ಟಾಟಲನೋ ಆಲ್ಬರ್ಟಸ್ ಮ್ಯಾಗ್ನಸನೋ ಎಂಬ ಸಂಶಯವಿದೆ!

ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದು ತರ್ಕಶಾಸ್ತ್ರದ ರೀತಿ. ಇಲ್ಲಿಯೂ ಗುರುತುಗಳಿವೆ. ಬಲಗೈ ಹೋಮರ್ ಮಹಾಕವಿಯ ಶಿಲ್ಪದ ತಲೆಯ ಮೇಲಿದೆ. ಆ ಕವಿ ಕುರುಡನೆಂದು ಪ್ರತೀತಿ. ಎಡಗೈ ಹೆಗಲಿನಿಂದ ಇಳಿದ ಚಿನ್ನದ ಸರವನ್ನು ಮುಟ್ಟಿದೆ. ಸರದ ಪದಕದಲ್ಲಿರುವುದು ಅಲೆಕ್ಸಾಂಡರನ ಮುಖವೆಂದು ಬಲ್ಲವರು ಊಹಿಸುತ್ತಾರೆ. ಅಲೆಕ್ಸಾಂಡರನಿಗೆ ಅರಿಸ್ಟಾಟಲನೇ ಗುರು. ಗುರು ತಿದ್ದಿಕೊಟ್ಟ ಹೋಮರನ ಕಾವ್ಯವನ್ನು ಆ ಶಿಷ್ಯನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದನೆಂದು ಪ್ಲುಟಾರ್ಕನು ಬರೆದಿದ್ದಾನೆ.

ಒಂದು ಕಡೆ ಜ್ಞಾನ, ಇನ್ನೊಂದು ಕಡೆ ಸಂಪತ್ತು, ಯಾವುದು ಬೇಕು? ಇದೇ ಚಿತ್ರದ ಅರ್ಥವೆಂದು ಕೆಲವರು ಹೇಳುವರು. ಇದು ಬಹಳ ಸುಲಭದ ಅರ್ಥ. ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಪದಕ ಶಿಷ್ಯನದಾದರೆ ಆ ಚಿನ್ನ ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ಶಿಷ್ಯನ ಗೌರವ. ನಮಗೂ ನೀವು ಹಾರ ಹಾಕುತ್ತೀರಿ, ಶಾಲು ಹೊದಿಸುತ್ತೀರಿ. ಬೇಡವೆಂದರೆ ನಿಮಗೆ ನೋವು. ಬೇಕೆಂದರೆ ನಮಗೆ ರೂಢಿಯಾಗಿಬಿಡುತ್ತದೆ. ರೂಢಿಯಾದ ಮೇಲೆ ಅದು ಬಾರದ ದಿನ ಮನಸ್ಸು ಹುಡುಕುತ್ತದೆ! ತೊಡಕು ಇರುವುದು ಅಲ್ಲಿ.

ಆ ಗುರುವಿಗೆ ಒದಗಿದ ಗತಿಯನ್ನೂ ಕೇಳಿರಿ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನು ಸತ್ತನು. ಅಥೆನ್ಸ್ ಪಟ್ಟಣವು ಮ್ಯಾಸಿಡೋನಿಯದ ಮೇಲೆ ತಿರುಗಿಬಿದ್ದಿತು. ನಿನ್ನೆಯವರೆಗೆ ಮಾನ ತಂದ ಸಂಬಂಧವೇ ಈಗ ಅಪರಾಧವಾಯಿತು. ದೈವನಿಂದೆಯ ಆರೋಪ ಬಂದಿತು. ಮುದುಕ ಗುರು ತಾನು ಕಟ್ಟಿದ ವಿದ್ಯಾಶಾಲೆಯನ್ನು ಬಿಟ್ಟು ಕಾಲ್ಕಿಸ್ ಎಂಬ ಊರು ಸೇರಿದನು; ಮರುವರ್ಷ ಅಲ್ಲಿಯೇ ತೀರಿಕೊಂಡನು. ಸರವೇ ಸರಪಳಿಯಾಯಿತು.

ಇಷ್ಟು ತಿಳಿದು ಪಟವನ್ನು ಮತ್ತೆ ನೋಡಬೇಕು. ಅವನು ಸರವನ್ನು ಕಿತ್ತೆಸೆದಿಲ್ಲ, ಬೆರಳಿನಿಂದ ಮುಟ್ಟುತ್ತಿದ್ದಾನೆ, ಅಷ್ಟೆ. ಭಾರವಾಗಿ ಊರಿರುವುದು ಕವಿಯ ತಲೆಯ ಮೇಲಿನ ಕೈ. ಟೊಪ್ಪಿಗೆಯ ನೆರಳಿನಲ್ಲಿ ಅವನ ಕಣ್ಣುಗಳು ಮಬ್ಬಾಗಿವೆ. ಅವು ಪದಕವನ್ನು ನೋಡುತ್ತಿಲ್ಲ. ಬೆಳಕು ಬಿದ್ದಿರುವುದು ಅವನ ಬಿಳಿಯ ತೋಳಂಗಿಯ ಮೇಲೆ, ಚಿನ್ನದ ಮೇಲೆ, ಮತ್ತು ಆ ಕುರುಡನ ಹಣೆಯ ಮೇಲೆ.