ಹಳೆಯ ಕಾಲದ ಚಿತ್ರಗಳಲ್ಲಿ ಬೆಲೆ ತೆತ್ತವರು ಯಾರು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಹಿಂದಿನ ಕಾಲದ ಕಥೆಯುಳ್ಳ ಚಿತ್ರಗಳಲ್ಲಿ ನೋಡತಕ್ಕವು ಯಾವುವೆಂದು ಹೇಳಬೇಕೆಂದು ನೀವು ಕೇಳಿದ್ದೀರಿ. ಏಷ್ಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತು ನಲವತ್ತು ವರ್ಷಗಳೆಂದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲ. ಆ ಕಾಲದ ಹೆಸರು ಹೇಳಿಕೊಂಡು ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಬಹಳಷ್ಟರಲ್ಲಿ ಕಾಣುವುದು ಅರಮನೆ, ಒಡವೆ, ರೇಶಿಮೆ, ಕುದುರೆ. ಆ ರೇಶಿಮೆಯನ್ನು ನೇದವನೆಲ್ಲಿ? ಆ ಕುದುರೆಗೆ ಹುಲ್ಲು ಹೊತ್ತು ತಂದವಳೆಲ್ಲಿ? ಆದ್ದರಿಂದ ಚಿತ್ರ ನೋಡಲು ಕೂತಾಗ ಒಂದೇ ಪ್ರಶ್ನೆ ಮನಸ್ಸಿನಲ್ಲಿರಲಿ: ಇಲ್ಲಿ ದುಡಿದವರು ಯಾರು, ಬೆಲೆ ತೆತ್ತವರು ಯಾರು? ಇದಕ್ಕೆ ಉತ್ತರ ಕೊಡುವ ನಾಲ್ಕು ಚಿತ್ರಗಳನ್ನು ಹೇಳುತ್ತೇನೆ.

ಮೊದಲನೆಯದು ಸತ್ಯಜಿತ್ ರಾಯ್ ಅವರು 1955ರಲ್ಲಿ ತೆಗೆದ 'ಪಥೇರ್ ಪಾಂಚಾಲಿ'. ಕಥೆ ಸುಮಾರು 1910ರ ದಶಕದ ಬಂಗಾಳದ ಹಳ್ಳಿಯದು. ಮನೆಯ ಯಜಮಾನ ಹರಿಹರ ಪುರೋಹಿತ, ಓದು ಬಲ್ಲವನು. ಆದರೆ ಧಣಿಯ ಹತ್ತಿರ ಬಾಕಿ ಸಂಬಳ ಕೇಳುವ ಧೈರ್ಯವಿಲ್ಲದವನು. ಬಟವಾಡೆ ತಪ್ಪಿದ ತಿಂಗಳಲ್ಲಿ ಒಲೆ ಹೇಗಿರುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹರಿಹರ ಸಂಪಾದನೆಗೆಂದು ಊರು ಬಿಟ್ಟಿದ್ದಾಗಲೇ ಮಗಳು ದುರ್ಗೆ ಮಳೆಯಲ್ಲಿ ನೆಂದು ಜ್ವರದಿಂದ ಸಾಯುತ್ತಾಳೆ. ಈ ಚಿತ್ರವೂ ನಡುವೆ ದುಡ್ಡಿಲ್ಲದೆ ನಿಂತಿತ್ತು. ಕೊನೆಗೆ ಪಶ್ಚಿಮ ಬಂಗಾಳ ಸರಕಾರ ಹಣ ಕೊಟ್ಟು ಮುಗಿಸಿತು.

ಎರಡನೆಯದು ಚೀನದ 'ಜೂ ಡೌ', 1990ರದು. ಝಾಂಗ್ ಯಿಮೌ ಮತ್ತು ಯಾಂಗ್ ಫೆಂಗ್‌ಲಿಯಾಂಗ್ ನಿರ್ದೇಶಿಸಿದ್ದು. 1920ರ ದಶಕದ ಒಂದು ಬಣ್ಣದ ಕಾರಖಾನೆಯ ಕಥೆ. ಮುದುಕ ಮಾಲಿಕ ದುಡ್ಡು ಕೊಟ್ಟು ಹೆಂಡತಿಯನ್ನು ತಂದಿದ್ದಾನೆ. ಸಾಕಿದ ಹುಡುಗನನ್ನು ಎತ್ತಿನಂತೆ ದುಡಿಸುತ್ತಾನೆ. ಮೇಲಿಂದ ಇಳಿಬಿಟ್ಟ ಕೆಂಪು ಹಳದಿ ಬಟ್ಟೆ ಕಣ್ಣಿಗೆ ಹಬ್ಬ. ಅದರ ಕೆಳಗೆ ಇಬ್ಬರ ಬಾಳು ಉಸಿರು ಕಟ್ಟುತ್ತದೆ. ಇದು ಬೆಳೆದವರು ನೋಡುವ ಚಿತ್ರ, ಮಕ್ಕಳನ್ನು ಕರೆದೊಯ್ಯಬೇಡಿ.

ಮೂರನೆಯದು ನಮ್ಮದೇ 'ಚೋಮನ ದುಡಿ'. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚೋಮನ ಹತ್ತಿರ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಉಳಲು ತುಂಡು ನೆಲ ಮಾತ್ರ ಇಲ್ಲ, ಏಕೆಂದರೆ ಅವನು ಹುಟ್ಟಿದ ಜಾತಿ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಚೋಮನಾದ ವಾಸುದೇವರಾಯರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ನಾಲ್ಕನೆಯದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ: ರಾಯ್ ಅವರದೇ 'ಘರೇ ಬಾಯಿರೇ', 1984. ಮೂಲ ರವೀಂದ್ರನಾಥ ಠಾಕೂರರ ಕಾದಂಬರಿ. 1905ರಲ್ಲಿ ಕರ್ಜನ್ ಸಾಹೇಬ ಬಂಗಾಳವನ್ನು ಸೀಳಿದ. ಜನ ರೊಚ್ಚಿಗೆದ್ದು ಪರದೇಶಿ ಬಟ್ಟೆಗೆ ಬೆಂಕಿಯಿಟ್ಟರು. ಆ ಸಿಟ್ಟು ನ್ಯಾಯವಾದದ್ದು. 1911ರಲ್ಲಿ ಸರಕಾರವೇ ಆ ವಿಭಜನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದರೆ ಚಿತ್ರ ಕೇಳುವುದು ಬೇರೆ ಮಾತು. ಸಂತೆಯಲ್ಲಿ ಅಗ್ಗದ ಪರದೇಶಿ ಮಾಲು ಮಾರಿ ಹೊಟ್ಟೆ ಹೊರೆಯುವವರು ಬಡ ವ್ಯಾಪಾರಿಗಳು, ಹೆಚ್ಚಿನವರು ಮುಸಲ್ಮಾನರು. ಸ್ವದೇಶಿ ಮಾಲಿಗೆ ಬೆಲೆ ಹೆಚ್ಚು. ಕೊಳ್ಳುವವನ ಹತ್ತಿರ ಕಾಸಿಲ್ಲ. ಅವರ ಮಾಲನ್ನು ಮುಳುಗಿಸಿದರೆ ನಷ್ಟ ಕರ್ಜನನಿಗೋ, ಅವರಿಗೋ? ಜಮೀನ್ದಾರ ನಿಖಿಲೇಶ ತನ್ನ ಸಂತೆಯಲ್ಲಿ ಬಲವಂತ ಬೇಡವೆನ್ನುತ್ತಾನೆ. ಮುಂದಾಳು ಸಂದೀಪನ ಭಾಷಣ ಬೆಂಕಿಯಂಥದು, ಸೇದುವ ಸಿಗರೇಟು ಮಾತ್ರ ವಿಲಾಯತಿಯದು! ಕೊನೆಗೆ ಊರಿನಲ್ಲಿ ಹಿಂದೂ ಮುಸಲ್ಮಾನರ ಗಲಭೆ ಹತ್ತುತ್ತದೆ. ಅದನ್ನು ತಡೆಯಲು ಹೊರಟ ನಿಖಿಲೇಶ ಜೀವಂತ ಮರಳುವುದಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಈ ವ್ಯಾಪಾರಿಗಳನ್ನು ನಾವು ಜಮೀನ್ದಾರನ ಪಡಸಾಲೆಯಿಂದಲೇ ನೋಡುತ್ತೇವೆ. ಅವರ ಮನೆಯ ಮಾತು ನಮಗೆ ಸಾಕಷ್ಟು ಕೇಳುವುದಿಲ್ಲ. ಆದರೂ ಈ ಸಭೆಗೆ ಇದೇ ಮುಖ್ಯ ಚಿತ್ರವೆಂದು ನನ್ನ ಅಭಿಪ್ರಾಯ. ಇಲ್ಲಿ ಒಂದು ಕಡೆ ಮುಷ್ಕರ ಹೂಡುವವರು ಕೂತಿದ್ದೀರಿ, ಇನ್ನೊಂದು ಕಡೆ ಅಂಗಡಿ ನಡೆಸುವವರು. ಮುಷ್ಕರದ ದಿನಗಳಲ್ಲಿ ಗಿರಣಿಯವರ ಮನೆಗೆ ಉದ್ರಿ ಅಕ್ಕಿ ಕೊಡುವವನು ಬೀದಿಯ ಸಣ್ಣ ಅಂಗಡಿಯವನೇ. ಬಂದ್ ದಿನ ಅವನ ಬಾಗಿಲನ್ನು ಕಲ್ಲು ಹೊಡೆದು ಮುಚ್ಚಿಸಿದರೆ ನಮಗೂ ಸಂದೀಪನಿಗೂ ವ್ಯತ್ಯಾಸವೇನು? ಮನವೊಲಿಸಿ ಮುಚ್ಚಿಸಿದ ಬಾಗಿಲೇ ಚಳವಳಿಗೆ ಬಲ. ಹಾಗೆಯೇ, ನ್ಯಾಯದ ಹೋರಾಟ ನಡೆಯುವಾಗ ನನಗೇಕೆ ಈ ಗೊಡವೆಯೆಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನೂ ಈ ಚಿತ್ರ ನೋಡಿ ಯೋಚಿಸಲಿ.

ಈ ಚಿತ್ರಗಳನ್ನು ಒಬ್ಬೊಬ್ಬರೇ ನೋಡಬೇಡಿ. ರಜೆಯ ದಿನ ಹತ್ತಿಪ್ಪತ್ತು ಜನ ಕೂಡಿ ನೋಡಿ. ಭಾಷೆ ತಿಳಿಯದ ಕಡೆ ಬಲ್ಲವರೊಬ್ಬರು ಬಿಡಿಸಿ ಹೇಳಲಿ. ಮುಗಿದ ಮೇಲೆ ಎದ್ದು ಹೋಗದೆ ಅರ್ಧ ಗಂಟೆ ಕೂತು ಚರ್ಚಿಸಿ. ಕಾರ್ಮಿಕನೂ ವ್ಯಾಪಾರಿಯೂ ಎದುರುಬದುರು ಕೂತು ಮಾತಾಡಲಿ. ಆಗ ಕೊಟ್ಟ ಕಾಸೂ, ಕಳೆದ ಹೊತ್ತೂ ಸಾರ್ಥಕವಾದೀತು.